ಭಾವ ಫೇಲ್ ಮಾಡದ ಸೈಲೆನ್ಸರ್

ನನ್ನ ಸ್ವಂತ ಅಕ್ಕನ ಗಂಡ ನನ್ನ ಕೆಲಸಕ್ಕೆ ಹನ್ನೊಂದು ಸಲ ಫೇಲ್ ಅಂತ ಮುದ್ರೆ ಒತ್ತಿದ್ದಾರೆ. ಹನ್ನೊಂದು. ಲೆಕ್ಕ ಇಟ್ಟುಕೊಂಡಿದ್ದೇನೆ. ಯಾರೋ ಮೂರನೆಯವನು ಒತ್ತಿದ್ದರೆ ಎರಡು ಮಾತು ಬೈದು ಮರೆತುಬಿಡುತ್ತಿದ್ದೆ. ಆದರೆ ಬೆಳಿಗ್ಗೆ ಮುದ್ರೆ ಒತ್ತಿ, ಮಧ್ಯಾಹ್ನ ನನ್ನ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಕೂತು, “ಇವತ್ತು ನಿನ್ನ ಪೈಪೊಂದು ಬಂದಿತ್ತು ಕಣಯ್ಯ, ನೂರಾ ಎರಡು” ಅಂತ ತಣ್ಣಗೆ ಹೇಳಿ ನೀರು ಕುಡಿಯುವ ಮನುಷ್ಯನನ್ನು ಹೇಗೆ ಮರೆಯೋದು? ಅನ್ನ ಗಂಟಲಲ್ಲೇ ನಿಲ್ಲುತ್ತಿತ್ತು.

ಭಾವ ವಾಹನ ತಪಾಸಣೆ ಕೇಂದ್ರದಲ್ಲಿ ಸದ್ದು ಅಳೆಯುತ್ತಿದ್ದವರು. ಇಪ್ಪತ್ತೆರಡು ವರ್ಷ ಅದೊಂದೇ ಕೆಲಸ. ಬ್ರೇಕು, ದೀಪ, ಹೊಗೆ ಎಲ್ಲ ಮುಗಿಸಿಕೊಂಡು ಗಾಡಿ ನಾಲ್ಕನೇ ಷೆಡ್ಡಿಗೆ ಬಂದರೆ ಅಲ್ಲಿ ಹಳದಿ ಗೆರೆಯ ಪಕ್ಕ ಭಾವ, ಅವರ ಪಕ್ಕ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಮೀಟರು. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರ, ಸ್ವಲ್ಪ ಓರೆ. ಎಂಜಿನ್ ಏರಿಸು ಅಂತ ಬೆರಳಲ್ಲಿ ಸನ್ನೆ ಮಾಡುವರು, ಸಾಕು ಅಂತ ಅಂಗೈ ತೋರಿಸುವರು. ತೊಂಬತ್ತೈದು ಡೆಸಿಬೆಲ್ ಒಳಗಿದ್ದರೆ ಪಾಸು. ತೊಂಬತ್ತಾರು ಅಂದರೆ ಮುಗಿಯಿತು, ಮಂತ್ರಿಯ ಗಾಡಿಯಾದರೂ ಅಷ್ಟೆ, ಮಾವನ ಗಾಡಿಯಾದರೂ ಅಷ್ಟೆ. ಊರವರೆಲ್ಲ ಅವರನ್ನು ‘ಮೀಟರ್’ ಅಂತಲೇ ಕರೆಯೋದು.

ಮನೆಯಲ್ಲೂ ಹಾಗೇ. ಬಾಗಿಲು ಮುಚ್ಚುವಾಗ ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈ ಚೌಕಟ್ಟಿನ ಮೇಲೆ, ಮಲಗಿದ ಮಗುವನ್ನು ತೊಟ್ಟಿಲಲ್ಲಿ ಇಟ್ಟ ಹಾಗೆ. ಕುಕ್ಕರ್ ಕೂಗಿದರೆ ಪೇಪರಿನಿಂದ ತಲೆ ಎತ್ತದೆ “ಎಂಬತ್ತೆಂಟು” ಅನ್ನುವರು. ಒಂದು ಸಲ ಅಕ್ಕ ಒಲೆ ಮುಂದಿನಿಂದಲೇ ಕೇಳಿದಳು:

“ಹಾಗಾದ್ರೆ ನಾನೆಷ್ಟು?”

“ಸಿಟ್ಟು ಬಂದಾಗಲೋ, ಬರದೆ ಇದ್ದಾಗಲೋ?”

“ಬರದೆ ಇದ್ದಾಗ ನನ್ನ ಯಾವತ್ತು ನೋಡಿದ್ರಿ ನೀವು?” ಅಂತ ಅವಳೇ ನಕ್ಕಳು.

ನನ್ನದು ಸೈಲೆನ್ಸರ್ ಅಂಗಡಿ. ಕೇಂದ್ರದ ಹಿಂದಿನ ರಸ್ತೆಯಲ್ಲಿ, ನಡೆದರೆ ನಾಲ್ಕು ನಿಮಿಷ. ಪೈಪು ಬಗ್ಗಿಸೋದು, ವೆಲ್ಡಿಂಗ್ ಮಾಡೋದು, ಕೂರಿಸೋದು. ಭಾವ ಫೇಲ್ ಮಾಡಿದವರು ನನ್ನ ಹತ್ತಿರ ಬರುತ್ತಿದ್ದರು, ನಾನು ಮಾಡಿಕೊಟ್ಟದ್ದು ಮತ್ತೆ ಭಾವನ ಹತ್ತಿರ ಹೋಗುತ್ತಿತ್ತು. ಒಂದು ಥರದಲ್ಲಿ ನಾವಿಬ್ಬರೂ ಒಂದೇ ಗಾಣದ ಎತ್ತುಗಳು, ಒಬ್ಬರ ಮುಖ ಒಬ್ಬರು ನೋಡದೆ ಸುತ್ತುತ್ತಿದ್ದೆವು.

ಇಲ್ಲಿ ಬೂಚಿನ ವಿಷಯ ಹೇಳಲೇಬೇಕು. ಜೋರು ಓಡುವ ಗಾಡಿಯವರಿಗೆ ಸದ್ದೂ ಬೇಕು, ಪಾಸೂ ಆಗಬೇಕು. ಅದಕ್ಕೆ ಸೈಲೆನ್ಸರ್ ಬಾಯೊಳಗೆ ಕೂರುವ ಒಂದು ಗೇಣುದ್ದದ ತೂತುತೂತಿನ ಕೊಳವೆ ಮಾಡುತ್ತೇವೆ. ಅದೇ ಬೂಚು. ಕೆಳಗಿನಿಂದ ಒಂದೇ ಒಂದು ಬೋಲ್ಟು. ಹಾಕಿಕೊಂಡು ಹೋಗಿ ಪಾಸು ಮಾಡಿಸೋದು, ಹೊರಗೆ ಬಂದು ಮೂಲೆ ತಿರುಗಿ ಬಿಚ್ಚಿ ಡಿಕ್ಕಿಗೆ ಎಸೆಯೋದು. ಎಲ್ಲ ಅಂಗಡಿಯವರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಭಾವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಪೈಪಿನ ಕೆಳಗೆ ಹೆಬ್ಬೆರಳು ಆಡಿಸುವರು. ಬೋಲ್ಟು ಸಿಕ್ಕರೆ ಆ ಬೆರಳು ಅಲ್ಲೇ ನಿಲ್ಲುತ್ತಿತ್ತು. “ಇದನ್ನ ಬೆಸುಗೆ ಹಾಕಿಸಿಕೊಂಡು ಬಾಪ್ಪ” ಅಂತ ವಾಪಸ್ ಕಳಿಸುವರು. ಅಂಥವೇ ನನ್ನ ಹನ್ನೊಂದರಲ್ಲಿ ಏಳು. ಬೆಸುಗೆ ಹಾಕಿಸಿಕೊಂಡು ಬಂದವರೂ ಪಾಸಾದ ಮೇಲೆ ಕತ್ತರಿಸಿ ತೆಗೆಯುತ್ತಿದ್ದರು. ಕಾಂಪೌಂಡಿನ ಆಚೆಯಿಂದ ಗಾಡಿ ಗರ್ಜಿಸಿಕೊಂಡು ಹೋಗೋದು ಭಾವನಿಗೆ ಕೇಳಿಸೋದು. “ಗೇಟಿನಿಂದಾಚೆ ನನ್ನ ಕೈಲಿ ಮೀಟರಿಲ್ಲ” ಅಂತ ಒಮ್ಮೆ ನನಗೆ ಹೇಳಿದ್ದರು, ಯಾರನ್ನೂ ಬೈಯದೆ. ನಾನಾಗಿದ್ದರೆ ಅಟ್ಟಿಸಿಕೊಂಡು ಹೋಗಿ ನಾಲ್ಕು ಬಿಡುತ್ತಿದ್ದೆ.

ಇಂಥ ಮನುಷ್ಯನಿಗೆ ಒಂದೇ ಒಂದು ಆಸೆ ಇತ್ತು. ಅವರು ಕೆಲಸಕ್ಕೆ ಸೇರಿದ ಮೊದಲನೇ ವಾರ ಒಬ್ಬ ಹಲ್ಲಿನ ಡಾಕ್ಟರು ಎರಡು ಬಾಗಿಲಿನ, ಆರು ಸಿಲಿಂಡರಿನ ಕಾರು ತಂದಿದ್ದರಂತೆ. ತಗ್ಗು ಮೈ, ಉದ್ದ ಮೂತಿ, ಓಡೋದಕ್ಕೇ ಹುಟ್ಟಿದ ಗಾಡಿ. ಭಾವ ಬೆರಳೆತ್ತಿದರು, ಎಂಜಿನ್ ಏರಿತು. ಮೀಟರಿನಲ್ಲಿ ತೊಂಬತ್ನಾಲ್ಕು. ಪಾಸು. ಆದರೂ ಇನ್ನೊಂದು ಸಲ ಏರಿಸಿ ಅಂದರು. ಆಮೇಲೆ ಮತ್ತೊಂದು ಸಲ. ಡಾಕ್ಟರು “ಏನಾದ್ರೂ ತೊಂದರೆನಾ?” ಅಂದರೆ ಭಾವ “ಇಲ್ಲ, ಸುಮ್ನೆ” ಅಂದರಂತೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಸುಮ್ಮನೆ ಮಾಡಿದ ಕೆಲಸ ಅದೊಂದೇ.

ಅಲ್ಲಿಂದ ಪ್ರತಿ ವರ್ಷ ಡಾಕ್ಟರು ಬಂದಾಗ ಭಾವ ಕೇಳುವ ಪ್ರಶ್ನೆ ಒಂದೇ: “ಮಂಡಿ ಹೇಗಿದೆ ಡಾಕ್ಟ್ರೇ?” ಆ ಕಾರಿನ ಕ್ಲಚ್ಚು ಕಲ್ಲಿನಂಥದ್ದು. ಮಂಡಿ ಹೋದ ದಿನ ಕಾರು ಕೈಬಿಡಬೇಕು. ಪಾಪ, ಡಾಕ್ಟರು ಅದನ್ನು ಪ್ರೀತಿ ಅಂದುಕೊಂಡಿದ್ದರು! ಕೊನೆಗೂ ಮಂಡಿ ಹೋಯಿತು, ಕಾರು ಭಾವನ ಮನೆ ಮುಂದೆ ಬಂದು ನಿಂತಿತು. ಅಷ್ಟರಲ್ಲಿ ಕಂಪನಿಯ ಸೈಲೆನ್ಸರ್ ತುಕ್ಕು ತಿಂದು ಉದುರಿ, ಡಾಕ್ಟರು ಯಾವುದೋ ಅಗ್ಗದ ತಗಡಿನ ಡಬ್ಬ ಹಾಕಿಸಿಬಿಟ್ಟಿದ್ದರು. ಭಾವ ಕೀಲಿ ತಿರುಗಿಸಿದರು. ಕಾರು ಗೊಗ್ಗರು ದನಿಯಲ್ಲಿ ಕೆಮ್ಮಿತು.

ಅಕ್ಕ ಬಾಗಿಲಲ್ಲೇ ನಿಂತು ನೋಡಿ ಅಂದಳು, “ಹಲ್ಲಿನ ಡಾಕ್ಟ್ರು ಹಲ್ಲು ಕಿತ್ಕೊಂಡೇ ಕೊಟ್ಟಿದಾರೆ ನಿಮಗೆ.”

ಆ ಭಾನುವಾರ ಭಾವ ಮೊದಲನೇ ಸಲ ನನ್ನ ಅಂಗಡಿ ಮೆಟ್ಟಿಲು ಹತ್ತಿದರು. ಇಪ್ಪತ್ತೆರಡು ವರ್ಷ ಹತ್ತಿರಲಿಲ್ಲ, ಅಳೆಯುವವನು ಮಾಡುವವನ ಅಂಗಡಿಯಲ್ಲಿ ಕೂರಬಾರದು ಅಂತ. ಕಂಕುಳಲ್ಲಿ ಮಕ್ಕಳ ಗೆರೆಪುಸ್ತಕ, ಕೈಯಲ್ಲಿ ಸ್ವಂತಕ್ಕೆ ಅಂತ ಕೊಂಡ ಚಿಕ್ಕ ಮೀಟರು.

“ಆ ದನಿ ಬೇಕು ಕಣಯ್ಯ. ತೊಂಬತ್ತೈದರ ಒಳಗೆ.”

“ಯಾವ ದನಿ ಭಾವ? ನಾನು ಕೇಳೇ ಇಲ್ವಲ್ಲ!”

“ಕೇಳಿದಾಗ ಹೇಳ್ತೀನಿ.”

ಮೂರು ತಿಂಗಳು, ಪ್ರತಿ ಭಾನುವಾರ. ನಾನು ಅಷ್ಟು ತಾಳ್ಮೆಯಿಂದ ಯಾರಿಗೂ ಕೆಲಸ ಮಾಡಿಕೊಟ್ಟಿಲ್ಲ. ಮೊದಲು ಕಂಪನಿಯದ್ದೇ ಹುಡುಕಿದೆವು. ಆ ಮಾದರಿಯ ಸಾಮಾನು ಮಾಡೋದನ್ನೇ ನಿಲ್ಲಿಸಿದ್ದಾರಂತೆ. ಗುಜರಿಯಲ್ಲಿ ಒಂದು ಸಿಕ್ಕಿತು. ಒಳಗೆ ಹೇಗೆ ಕಟ್ಟಿದ್ದಾರೆ ನೋಡಿ ನಕಲು ಹೊಡೆಯೋಣ ಅಂತ ಕತ್ತರಿಸಿದರೆ ಎರಡು ಹಿಡಿ ತುಕ್ಕಿನ ಪುಡಿ ಉದುರಿತು, ಅಷ್ಟೆ. ಆಮೇಲೆ ಎದುರುಗಡೆ ರೆಡಿಮೇಡ್ ಸಾಮಾನು ಮಾರುವವನ ಹತ್ತಿರ ಹೋದೆವು. ಕನ್ನಡಿಯ ಹಾಗೆ ಹೊಳೆಯುವ ಸ್ಟೀಲು, ಜೊತೆಗೆ ಪಾಸಾದ ಸರ್ಟಿಫಿಕೇಟು. ಭಾವ ಕನ್ನಡಕ ಹಾಕಿಕೊಂಡು ಸರ್ಟಿಫಿಕೇಟಿನ ತೀರಾ ಕೆಳಗಿನ ಇರುವೆ ಸಾಲಿನಂಥ ಅಕ್ಷರ ಓದಿದರು. ಬೂಚು ಇದ್ದಾಗ ತೊಂಬತ್ತಮೂರು, ತೆಗೆದರೆ ನೂರಾ ಮೂರು.

“ಬೂಚಿನ ಸಾಮಾನಾ?”

“ಎಲ್ರೂ ತಗೋಳೋದು ಇದೇ ಸಾರ್. ನಿಮ್ಮ ಕೈಯಿಂದ್ಲೇ ಎಷ್ಟು ಪಾಸಾಗಿವೆ!” ಅಂತ ಅವನು ಹಲ್ಲು ಕಿರಿದ.

ಭಾವ ಕನ್ನಡಕ ತೆಗೆದು ಜೇಬಿಗಿಟ್ಟು ಹೊರಗೆ ಬಂದರು. ರಸ್ತೆ ದಾಟುವಾಗ ಅವರ ಕಿವಿ ಕೆಂಪಾಗಿತ್ತು.

ಉಳಿದದ್ದು ನನ್ನ ಕೈಕೆಲಸ. ಕಾರಿನ ಕೆಳಗೆ ಮಲಗಿ ದಪ್ಪ ತಂತಿ ಬಗ್ಗಿಸಿ ದಾರಿ ಅಳೆದೆ, ಆ ತಂತಿ ನೋಡಿಕೊಂಡು ಪೈಪು ಬಗ್ಗಿಸಿದೆ. ಒಂದೊಂದು ಥರ ಮಾಡಿ ಕೂರಿಸಿದಾಗಲೂ ಭಾವ ಕಣ್ಣು ಮುಚ್ಚಿ, ಗೋಡೆಗೆ ಅಂಗೈ ಒತ್ತಿ ಕೇಳುವರು. ಆಮೇಲೆ ಪುಸ್ತಕದಲ್ಲಿ ಎರಡು ಕಡೆ ಬರೆಯುವರು: ಒಂದು ಕಡೆ ಮೀಟರಿನ ಅಂಕಿ, ಇನ್ನೊಂದು ಕಡೆ ದನಿ ಹೇಗಿತ್ತು ಅಂತ. ಒಳಗೆ ಕೋಣೆ ಕೋಣೆ ಮಾಡಿ ಸದ್ದು ಸುತ್ತಿಸುವ ಡಬ್ಬಕ್ಕೆ ತೊಂಬತ್ತೊಂದು, ‘ಹಾಸಿಗೆ ಹಿಡಿದವರ ಕೆಮ್ಮು’. ನೇರ ಕೊಳವೆಗೆ ಗಾಜಿನ ಹತ್ತಿ ಸುತ್ತಿದ್ದಕ್ಕೆ ತೊಂಬತ್ತೊಂಬತ್ತು, ‘ಕುಡಿದವನ ಹಾಡು’. ಎರಡನ್ನೂ ಬೆರೆಸಿದ ಇನ್ನೊಂದಕ್ಕೆ ತೊಂಬತ್ತೇಳು, ‘ಬೀಗರ ನಗು’. ಅದನ್ನು ಓದಿ ನಾನು ವೆಲ್ಡಿಂಗ್ ಕನ್ನಡಕದೊಳಗೇ ಕಣ್ಣೀರು ಬರುವ ಹಾಗೆ ನಕ್ಕೆ. ಭಾವ ನಗಲಿಲ್ಲ. “ಹಾಗೇ ಇದೆಯಲ್ಲಯ್ಯ, ಬಾಯಿ ಮಾತ್ರ ನಗುತ್ತೆ” ಅಂದರು.

ಹತ್ತನೇ ಭಾನುವಾರವೋ ಹನ್ನೊಂದನೆಯದೋ, ಎಂಜಿನ್ನಿನಿಂದ ಬರುವ ಎರಡು ಪೈಪನ್ನೂ ನಡುವೆ ಒಂದು ತುಂಡು ಹಾಕಿ ಒಂದಕ್ಕೊಂದು ಸೇರಿಸಿ, ಹತ್ತಿಯ ಡಬ್ಬ ಒಂದು ಮೊಳ ಉದ್ದ ಮಾಡಿದೆ. ಕಾರು ಶುರು ಮಾಡಿ ಏರಿಸಿದೆ. ಹೇಗೆ ಹೇಳಲಿ? ಕಾರ್ಖಾನೆ ಸೈರನ್ನು ದೂರದಿಂದ ಕೇಳಿದರೆ ಒಂಥರಾ ಇಂಪಾಗಿರುತ್ತಲ್ಲ, ಹಾಗೆ. ಕೆಳಗೆ ಗುಂಯ್ ಅಂತ ಶುರುವಾಗಿ, ಏರುತ್ತಾ ಏರುತ್ತಾ ಒಂದು ಕಡೆ ತಟ್ಟನೆ ತೆಳ್ಳಗಾಗಿ ಬಿಚ್ಚಿಕೊಂಡಿತು. ತಿರುಗಿ ನೋಡಿದರೆ ಭಾವ ಗೋಡೆಯಿಂದ ಕೈ ತೆಗೆದಿರಲಿಲ್ಲ. ಪುಸ್ತಕದಲ್ಲಿ ಬರೆದದ್ದು ಒಂದೇ ಮಾತು: ‘ಇದು’.

ಪಕ್ಕದಲ್ಲಿ ಅಂಕಿ ತೊಂಬತ್ತಾರು.

“ಒಂದು! ಒಂದೇ ಒಂದು ಜಾಸ್ತಿ! ಯಾವನ ಕಿವಿಗೂ ಗೊತ್ತಾಗಲ್ಲ ಭಾವ!”

“ಮೀಟರಿಗೆ ಗೊತ್ತಾಗುತ್ತಲ್ಲ.”

ಆ ಒಂದನ್ನು ಕಳೆಯೋದಕ್ಕೆ ನಾನು ಪಟ್ಟ ಪಾಡು ನಾಯಿಗೂ ಬೇಡ. ಬಾಯಿ ಕಿರಿದು ಮಾಡಿದರೆ ಅಂಕಿ ಇಳಿಯಿತು, ದನಿ ಹೋಯಿತು. ಹತ್ತಿ ಜಾಸ್ತಿ ತುಂಬಿದರೂ ಅದೇ ಕಥೆ. ಕಂಪನಿಯವರು ಈ ದನಿಯನ್ನೇ ತೊಂಬತ್ನಾಲ್ಕರಲ್ಲಿ ಕೂರಿಸಿದ್ದರಲ್ಲ, ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಸುತ್ತಿಗೆ ಎಸೆದೆ, ಗೋಡೆಯ ಗಾರೆ ಬಿತ್ತು. ಅದರಿಂದ ಏನೂ ಕಮ್ಮಿಯಾಗಲಿಲ್ಲ.

ಕೊನೆಗೆ ಭಾವ ಪುಸ್ತಕ ಮುಚ್ಚಿದರು. “ಕೋಣೆದೇ ಹಾಕಿಬಿಡಯ್ಯ. ತೊಂಬತ್ತೊಂದರದ್ದು.”

“ಆ ಕೆಮ್ಮನ್ನಾ?”

“ಕೆಮ್ಮಿದ್ರೂ ಓಡುತ್ತಲ್ಲ. ಬುಧವಾರ ತಪಾಸಣೆ ಇದೆ.”

ಅವರು ಕಾರು ಬಿಟ್ಟು ನಡೆದುಕೊಂಡು ಹೋದರು. ಬೆನ್ನು ನೋಡಿ ನನಗೆ ಕೆಟ್ಟ ಕೋಪ ಬಂತು. ಅವರ ಮೇಲೋ, ಮೀಟರಿನ ಮೇಲೋ, ನನ್ನ ಕೈ ಮೇಲೋ ಗೊತ್ತಿಲ್ಲ. ಆ ಕೋಪದಲ್ಲೇ ಮಾಡಿಬಿಟ್ಟೆ. ‘ಇದು’ ಅಂದದ್ದನ್ನೇ ಕೂರಿಸಿ, ಅದರ ಬಾಯಿಗೆ ಒಂದು ಬೂಚು ಹಾಕಿದೆ. ಭಾವ ಬಿಟ್ಟುಹೋಗಿದ್ದ ಚಿಕ್ಕ ಮೀಟರಿನಲ್ಲಿ ಅಂಕಿ ತೊಂಬತ್ತೆರಡಕ್ಕೆ ಇಳಿಯಿತು. ಹೊರಗಿನಿಂದ ನೋಡಿದರೆ ಕೋಣೆಯ ಡಬ್ಬಕ್ಕೂ ಇದಕ್ಕೂ ವ್ಯತ್ಯಾಸ ಕಾಣದ ಹಾಗೆ ತಗಡು ಸುತ್ತಿದೆ. ಪಾಸಾಗಲಿ, ಆಮೇಲಿನ ಭಾನುವಾರ ಊರಾಚೆ ಕರೆದುಕೊಂಡು ಹೋಗಿ ಬೂಚು ಕಿತ್ತು ‘ಈಗ ಓಡಿಸಿ ಭಾವ’ ಅನ್ನೋಣ ಅಂತ ಲೆಕ್ಕಾಚಾರ. ಬೇಗ ಕೀಳೋದಕ್ಕೆ ಸುಲಭವಾಗಲಿ ಅಂತ ನಟ್ಟಿಗೆ ಒಂದು ಚುಕ್ಕೆ ಬೆಸುಗೆಯನ್ನೂ ಇಡಲಿಲ್ಲ. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದವನು, ಬಿಸಿಗೂ ನಡುಕಕ್ಕೂ ನಟ್ಟು ಬಿಚ್ಚಿಕೊಳ್ಳುತ್ತೆ ಅಂತ ಗೊತ್ತಿರುವವನು, ಇಡಲಿಲ್ಲ.

ಬುಧವಾರ ಭಾವ ತಮ್ಮ ಕಾರನ್ನು ತಾವು ಅಳೆಯಲಿಲ್ಲ, ಜೊತೆಯವರ ಕೈಗೆ ಮೀಟರು ಕೊಟ್ಟು ದೂರ ನಿಂತರು. ತೊಂಬತ್ತೆರಡು. ಪಾಸು. ಸಾಯಂಕಾಲ ಮನೆ ಮುಂದೆ ಕಾರಿನ ಛಾವಣಿಯನ್ನು ಎರಡು ಸಲ ತಟ್ಟಿ ಒಳಗೆ ಹೋದರಂತೆ. ಅಕ್ಕ ಹೇಳಿದಳು.

ಎರಡೇ ದಿನ. ಶುಕ್ರವಾರ ಬೆಳಿಗ್ಗೆ ಭಾವ ಅದೇ ಕಾರಲ್ಲಿ ಕೆಲಸಕ್ಕೆ ಹೋದರು. ಕೇಂದ್ರದ ಗೇಟಿನ ಒಳಗೇ ಒಂದು ಎತ್ತರದ ಉಬ್ಬು ಇದೆ. ಇಪ್ಪತ್ತು ಮೂವತ್ತು ಗಾಡಿ ಸಾಲಲ್ಲಿ ಕಾಯುತ್ತಿದ್ದವು. ಉಬ್ಬು ಹತ್ತಿ ಇಳಿಯುವಾಗ ಬೂಚು ಢಂ ಅಂತ ಹಾರಿ, ಸಿಮೆಂಟಿನ ಮೇಲೆ ಟಣಟಣ ಅಂತ ಉರುಳಿಕೊಂಡು ಹೋಗಿ ಸಾಲಿನಲ್ಲಿದ್ದ ಒಬ್ಬ ಲಾರಿ ಡ್ರೈವರನ ಕಾಲ ಹತ್ತಿರ ನಿಂತಿತು. ಅವನು ನನ್ನ ಗಿರಾಕಿ, ಎಲ್ಲ ಅವನೇ ಬಂದು ಹೇಳಿದ್ದು. ಬೂಚು ಎತ್ತಿ ಹಿಡಿದು “ಸಾರ್, ನಿಮ್ದು ಬಿತ್ತು!” ಅಂದನಂತೆ. ಆಮೇಲೆ ಯಾರೋ ಸಿಳ್ಳೆ ಹೊಡೆದ. “ಮೀಟರಿಗೇ ಮೀಟರ್ ಇಡ್ರೋ!” ಅಂತ ಇನ್ನೊಬ್ಬ. ಸಾಲಿಗೆ ಸಾಲೇ ಚಪ್ಪಾಳೆ. ಅದರಲ್ಲಿ ಅವರು ಫೇಲ್ ಮಾಡಿದವರು ಎಷ್ಟು ಜನವೋ.

ಭಾವ ಕೆಳಗಿಳಿದು ಬೂಚು ಇಸ್ಕೊಂಡು, ಕಾರನ್ನು ನಾಲ್ಕನೇ ಷೆಡ್ಡಿಗೆ ತಂದು ನಿಲ್ಲಿಸಿ “ಅಳೀರಿ” ಅಂದರಂತೆ. ಜೊತೆಯವರು ಬೇಡ ಸಾರ್ ಅಂದರು. “ಅಳೀರಿ” ಅಂತ ಇನ್ನೊಂದು ಸಲ ಅಂದರು. ತೊಂಬತ್ತಾರು. ತಮ್ಮ ಮೇಜಿನಿಂದ ಫೇಲ್ ಮುದ್ರೆ ತಂದು ಅವರೇ ಜೊತೆಯವರ ಕೈಗೆ ಕೊಟ್ಟರು.

ನಾನು ಮಧ್ಯಾಹ್ನವೇ ಅಕ್ಕನ ಮನೆಗೆ ಓಡಿದೆ. ಭಾವ ಕುರ್ಚಿಯಲ್ಲಿ ಕೂತಿದ್ದರು, ಬೂಚು ಮೇಜಿನ ಮೇಲೆ ಪೇಪರಿನ ಮೇಲಿತ್ತು. ಹದಿನೈದು ದಿನದೊಳಗೆ ಉತ್ತರ ಕೊಡಬೇಕು ಅಂತ ಕೇಂದ್ರದವರು ನೋಟೀಸು ಕೊಟ್ಟಿದ್ದರು.

“ನಾನು ಮಾಡಿದ್ದು ಅಂತ ಹೇಳಿ! ಬಾಮೈದ ಕಳ್ಳಬೂಚು ಹಾಕಿದ, ನಂಗೊತ್ತಿರ್ಲಿಲ್ಲ ಅಂತ ಹೇಳಿ! ನಿಮ್ಮ ಬಾಯಿಗೂ ಬೂಚು ಹಾಕಿದಾರಾ?”

“ಲೋ ತಮ್ಮಾ, ಮೆಲ್ಲಗೆ” ಅಂದಳು ಅಕ್ಕ.

ಭಾವ ಮೆಲ್ಲಗೇ ಹೇಳಿದರು. “ಬೋಲ್ಟು ನೋಡಿದ್ದೆ ಕಣಯ್ಯ.”

ನನಗೆ ಅರ್ಥವಾಗಲಿಲ್ಲ.

“ಬುಧವಾರ ಬೆಳಿಗ್ಗೆ ತಪಾಸಣೆಗೆ ಹೋಗೋ ಮುಂಚೆ ಕೆಳಗೆ ಕೈ ಆಡಿಸಿದೆ. ಅಭ್ಯಾಸ. ಹೆಬ್ಬೆರಳಿಗೆ ಸಿಕ್ತು.”

“ಮತ್ಯಾಕೆ ಬಿಟ್ರಿ? ಹನ್ನೊಂದು ಸಲ ಬಿಡದೆ ಇದ್ದೋರು, ಅವತ್ತೊಂದಿನ ಯಾಕೆ ಬಿಟ್ರಿ?”

ಅವರು ಬೂಚನ್ನು ಪೇಪರಿನ ಮೇಲೆ ಒಂದು ಸುತ್ತು ಹೊರಳಿಸಿದರು. “ಭಾನುವಾರ ಊರಾಚೆ ಹೋಗಿ, ಒಂದು ಸಲ ಬಿಚ್ಚಿ, ಕೇಳಿ, ಮತ್ತೆ ಹಾಕೋಣ ಅಂತಿದ್ದೆ. ಒಂದೇ ಸಲ.”

“ಕೇಳಿದ್ರಾ ಹಾಗಾದ್ರೆ, ಗೇಟಲ್ಲಿ?”

“ಎಲ್ಲಿ ಕೇಳೋದು” ಅಂದರು ಭಾವ. “ಜನ ಚಪ್ಪಾಳೆ ಹೊಡೀತಿದ್ರಲ್ಲ.”

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದ ಒಂದು ಪಾತ್ರೆಯ ಸದ್ದೂ ಬರಲಿಲ್ಲ.

ನೋಟೀಸಿಗೆ ಭಾವ ಒಂದು ಸಾಲು ಉತ್ತರ ಬರೆದರು: ಕಾರು ನನ್ನದು, ಬೋಲ್ಟು ನನಗೆ ಗೊತ್ತಿತ್ತು. ಹಾಕಿದವನು ಯಾರು ಅಂತ ಬರೆಯಲೇ ಇಲ್ಲ. ಬರೆದಿದ್ದರೆ ನನ್ನ ಅಂಗಡಿಯ ಲೈಸೆನ್ಸ್ ಅದೇ ದಿನ ಹೋಗುತ್ತಿತ್ತು. ಮೀಟರನ್ನು ಅವರ ಕೈಯಿಂದ ಕಿತ್ತುಕೊಂಡು ಅವರನ್ನು ಗೇಟಿಗೆ ಹಾಕಿದರು. ಬರುವ ಗಾಡಿಗಳಿಗೆ ಟೋಕನ್ ಕೊಡುವ ಕೆಲಸ, ಅದೇ ಉಬ್ಬಿನ ಪಕ್ಕದಲ್ಲಿ. ದಿನಾ ನಾಲ್ಕು ಜನ “ಏನ್ ಮೀಟರ್ ಸಾರ್, ಬೂಚು ಭದ್ರನಾ?” ಅಂತ ಕೇಳಿಕೊಂಡು ಹೋಗುತ್ತಾರೆ. ಭಾವ ಟೋಕನ್ ಹರಿದು ಕೊಡುತ್ತಾರೆ.

ನಾನು ಸುಮ್ಮನಿರಲಿಲ್ಲ. ಮೂರು ದಿನ ಕೂತು ಒಂದು ಕಾಗದ ಬರೆದೆ. ಬರೆಯೋದು ನನಗೆ ಪೈಪು ಬಗ್ಗಿಸಿದ ಹಾಗಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತೆ. ಬೂಚು ಹಾಕಿದ್ದು ನಾನು, ಬೆಸುಗೆ ಇಡದೆ ಬಿಟ್ಟದ್ದು ನಾನು, ಭಾವನಿಗೆ ಏನೇನೂ ಗೊತ್ತಿರಲಿಲ್ಲ, ತಾವು ಅವರನ್ನು ಮತ್ತೆ ನಾಲ್ಕನೇ ಷೆಡ್ಡಿಗೆ ಹಾಕಬೇಕು ಅಂತ ಬರೆದು, ಕೆಳಗೆ ಅಂಗಡಿಯ ಮುದ್ರೆ ಒತ್ತಿ, ಮೇಲಧಿಕಾರಿಗೆ ಕೊಡೋಣ ಅಂತ ಕೇಂದ್ರಕ್ಕೆ ಹೋದೆ. ಗೇಟಲ್ಲಿ ಭಾವ.

“ಟೋಕನ್ ಕೊಡಿ. ಸಾಹೇಬರನ್ನ ನೋಡಬೇಕು.”

“ಗಾಡಿ ಎಲ್ಲಿ?”

“ಗಾಡಿ ಇಲ್ಲ. ಕಾಗದ ಇದೆ.”

“ಗಾಡಿ ಇಲ್ದೋರಿಗೆ ಟೋಕನ್ ಇಲ್ಲ.” ಕೈ ಚಾಚಿದರು. “ಎಲ್ಲಿ, ಕಾಗದ ಕೊಡು.”

ಕನ್ನಡಕ ಹಾಕಿಕೊಂಡು ನಿಂತಲ್ಲೇ ಓದಿದರು, ಸರ್ಟಿಫಿಕೇಟಿನ ಸಣ್ಣಕ್ಷರ ಓದಿದ ಹಾಗೆ. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಒಂದು ಕಡೆ ಹೆಬ್ಬೆರಳು ನಿಂತಿತು.

“ಏನೇನೂ ಗೊತ್ತಿರಲಿಲ್ಲ ಅಂತ ಬರೆದಿದ್ದೀಯ. ಸುಳ್ಳು.”

“ಉಳಿದದ್ದೆಲ್ಲ ನಿಜ ಇದೆಯಲ್ಲ ಭಾವ! ಒಂದೇ ಒಂದು ಸಾಲು!”

“ಒಂದು ಜಾಸ್ತಿ ಇದ್ರೂ ಜಾಸ್ತೀನೇ ಅಲ್ವೇನಯ್ಯ” ಅಂತ ಕಾಗದ ಮಡಿಸಿ ನನ್ನ ಅಂಗಿಯ ಜೇಬಿಗೆ ತುರುಕಿದರು. “ಹೋಗು, ಅಂಗಡಿ ತೆಗಿ. ಒಂದು ಮನೇಲಿ ಆಗಿದ್ದು ಸಾಕು, ನಿನ್ನ ಮನೇಲೂ ಬೇಡ.”

ಕಾಗದ ಜೇಬಲ್ಲಿಟ್ಟುಕೊಂಡೇ ವಾಪಸ್ ನಡೆದೆ. ಇನ್ನೊಂದು ದಿನ ಆ ಸಾಲು ತೆಗೆದು ಬೇರೆ ಬರೆದು, ಅಂಚೆಯಲ್ಲಿ ಕಳಿಸಬಹುದಿತ್ತು. ಯಾವನದ್ದಾದರೂ ಗಾಡಿ ಹತ್ತಿ ಒಳಗೆ ಹೋಗಬಹುದಿತ್ತು. ಅವರು ಟೋಕನ್ ಕೊಡದೆ ಇದ್ದಾಗ ಒಳಗೊಳಗೇ ನನಗೆ ಉಸಿರು ಬಂದ ಹಾಗಾಯಿತು, ಅದೂ ನಿಜ. ಮನೆಗೆ ಬಂದು ಊಟ ಮಾಡಿದೆ, ಗಂಟಲಲ್ಲಿ ಏನೂ ಸಿಕ್ಕಿಹಾಕಿಕೊಳ್ಳಲಿಲ್ಲ. ಅದಕ್ಕೇ ನನಗೆ ನನ್ನ ಮೇಲೆ ಸಿಟ್ಟು.

ಕಾರಿಗೆ ಕೊನೆಗೆ ಕೋಣೆಯ ಡಬ್ಬವನ್ನೇ ಹಾಕಿಕೊಟ್ಟೆ. ‘ಇದು’ ಅಂದದ್ದು ಅಂಗಡಿಯ ಗೋಡೆಗೆ, ತಂತಿಗಳ ಪಕ್ಕ ನೇತಾಡುತ್ತಿದೆ. ನಾಲ್ಕು ವರ್ಷದಿಂದ ಭಾವ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನನ್ನ ಅಂಗಡಿ ಮುಂದೆ ಹಾದು ಹೋಗುತ್ತಾರೆ. ಕಾರು ಕೆಮ್ಮುತ್ತದೆ. ಅವರು ಸ್ಟೇರಿಂಗಿನಿಂದ ನಾಲ್ಕು ಬೆರಳು ಎತ್ತುತ್ತಾರೆ, ನಾನು ಸ್ಪ್ಯಾನರ್ ಎತ್ತುತ್ತೇನೆ. ಆ ಒಂದು ಅಂಕಿ ಕಳೆಯೋದು ಹೇಗೆ ಅಂತ ಆಗಾಗ ಗೋಡೆಯಿಂದ ಇಳಿಸಿ ನೋಡುತ್ತೇನೆ, ಮತ್ತೆ ನೇತುಹಾಕುತ್ತೇನೆ. ಬರುವ ವರ್ಷ ಅವರಿಗೆ ನಿವೃತ್ತಿ, ಗೇಟಿನಿಂದಲೇ.

ಕಾಗದ ಗ್ಯಾಸ್ಕೆಟ್ ಡಬ್ಬದ ತಳದಲ್ಲಿದೆ. ಆ ಸುಳ್ಳು ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಉಳಿದದ್ದನ್ನು ಇನ್ನೂ ಕೊಟ್ಟಿಲ್ಲ.